ಅಮೆರಿಕದ ಸೇನಾ ಖರ್ಚನ್ನು ಯಾಕೆ ವಿರೋಧಿಸುತ್ತೀರಿ? ದೇಶಕ್ಕೆ ಸೇನೆ ಬೇಡವೇ?

ಸೇನೆ ಖಂಡಿತ ಬೇಕು. ಆದರೆ ಇಲ್ಲಿ ಅಮೆರಿಕದಲ್ಲಿ ತೆರಿಗೆ ಕಟ್ಟುವವನಾಗಿ ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಬಡವರ ಹತ್ತಿರ ಪೈಸೆ ಪೈಸೆಗೂ ಲೆಕ್ಕ ಕೇಳುತ್ತಾರೆ, ಪೆಂಟಗನ್ (ಅಮೆರಿಕದ ರಕ್ಷಣಾ ಇಲಾಖೆ) ಹತ್ತಿರ ಕೇಳುವುದಿಲ್ಲ.

2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾಯ್ದೆಯನ್ನೇ ನೋಡಿ. ಅದರಲ್ಲಿ ಸೇನೆಗೆ ಮಾಮೂಲಿ ಬಜೆಟ್ ಬಿಟ್ಟು ಸುಮಾರು 150 ಬಿಲಿಯನ್ ಡಾಲರ್ ಹೆಚ್ಚುವರಿ ಹಣ ಇದೆ. ಅದೇ ಕಾಯ್ದೆಯಿಂದ ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್‌ಗೆ ಹತ್ತು ವರ್ಷದಲ್ಲಿ 900 ಬಿಲಿಯನ್‌ಗೂ ಜಾಸ್ತಿ ಕಡಿತ. ಇಲ್ಲಿನ ನರ್ಸಿಂಗ್ ಹೋಮ್‌ಗಳಲ್ಲಿರುವ ಹತ್ತು ಜನರಲ್ಲಿ ಆರು ಜನರ ಖರ್ಚು ನಡೆಯುವುದು ಈ ಮೆಡಿಕೇಡ್‌ನಿಂದಲೇ. ಹಾಗಂತ ಉಳಿಸಿದ್ದೆಲ್ಲ ಸೇನೆಗೇ ಹೋಯಿತು ಅಂದರೆ ಸುಳ್ಳಾಗುತ್ತದೆ. ಅದೇ ಕಾಯ್ದೆಯಲ್ಲಿರುವ ತೆರಿಗೆ ಕಡಿತದ ಪಾಲು ಅದಕ್ಕಿಂತ ಎಷ್ಟೋ ದೊಡ್ಡದು.

ಇನ್ನು ಮುಂದೆ ಮೆಡಿಕೇಡ್ ಪಡೆಯುವ ಎಷ್ಟೋ ವಯಸ್ಕರು ತಿಂಗಳಿಗೆ 80 ಗಂಟೆ ಕೆಲಸ ಮಾಡಿದ್ದೇವೆ ಅಂತ ದಾಖಲೆ ತೋರಿಸಬೇಕು. ಕೇಳಲು ನ್ಯಾಯವಾಗಿಯೇ ಇದೆ, ಅಲ್ವಾ? ಆದರೆ ಅರ್ಕನ್ಸಾ ರಾಜ್ಯ 2018ರಲ್ಲೇ ಇದನ್ನು ಮಾಡಿ ನೋಡಿತ್ತು. ಕೆಲಸದ ಲೆಕ್ಕವನ್ನು ಮೊದಮೊದಲು ಆನ್‌ಲೈನ್‌ನಲ್ಲೇ ಕೊಡಬೇಕಿತ್ತು. ಆ ವೆಬ್‌ಸೈಟ್ ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಬಂದ್! (ವೆಬ್‌ಸೈಟಿಗೂ ನಿದ್ದೆ ಬೇಕು ಅಂತ ಯಾರಿಗೆ ಹೊಳೆಯಿತೋ.) ಕೆಲವೇ ತಿಂಗಳಲ್ಲಿ ಸುಮಾರು 18,000 ಜನ ವಿಮೆ ಕಳೆದುಕೊಂಡರು. ಅದರಿಂದ ಕೆಲಸಕ್ಕೆ ಹೋಗುವವರೇನೂ ಜಾಸ್ತಿ ಆಗಲಿಲ್ಲ ಅಂತ ಹಾರ್ವರ್ಡ್ ಸಂಶೋಧಕರು ತೋರಿಸಿದರು. 2019ರಲ್ಲಿ ಕೋರ್ಟು ಅದನ್ನು ನಿಲ್ಲಿಸಿತು.

ಈಗ ಪೆಂಟಗನ್ ಕಡೆ ಬನ್ನಿ. ಅಲ್ಲಿ ಮೊದಲ ಬಾರಿಗೆ ಪೂರ್ತಿ ಆಡಿಟ್ ನಡೆದದ್ದೇ 2018ರಲ್ಲಿ. ಫೇಲಾಯಿತು. 2024ರಲ್ಲಿ ಫೇಲಾದದ್ದು ಸತತ ಏಳನೆಯ ಸಲ. ಫೇಲು ಅಂದರೆ ದುಡ್ಡು ಕದ್ದರು ಅಂತಲ್ಲ. ಯಾವ ಸಾಮಾನು ಎಲ್ಲಿದೆ, ಅದರ ಬೆಲೆ ಎಷ್ಟು ಅಂತ ಸರಿಯಾಗಿ ತೋರಿಸಲು ಆಗಲಿಲ್ಲ ಅಂತ. ಆದರೂ ಬಜೆಟ್ ಮಾತ್ರ ಏರುತ್ತಲೇ ಇದೆ. ದೇಶದೇಶಗಳ ಸೇನಾ ಖರ್ಚಿನ ಲೆಕ್ಕ ಇಡುವ ಸಿಪ್ರಿ ಸಂಸ್ಥೆಯ ಪ್ರಕಾರ 2024ರ ಅಮೆರಿಕದ ಸೇನಾ ಖರ್ಚು 997 ಬಿಲಿಯನ್ ಡಾಲರ್, ಚೀನಾದ್ದು ಅಂದಾಜು 314.

ಸಂಸದರು ಯಾಕೆ ಕೇಳುವುದಿಲ್ಲ? ಎಫ್-35 ಯುದ್ಧವಿಮಾನದ ಬಿಡಿಭಾಗಗಳು ಹೆಚ್ಚುಕಡಿಮೆ ಎಲ್ಲ ರಾಜ್ಯಗಳಲ್ಲೂ ತಯಾರಾಗುತ್ತವೆ. ಅದಕ್ಕೆ ಕೈ ಹಾಕಿದರೆ ತಮ್ಮ ಕ್ಷೇತ್ರದವರದ್ದೇ ಕೆಲಸ ಹೋಗುತ್ತದೆ. ಮೆಡಿಕೇಡ್ ಕಾರ್ಡ್ ಇಟ್ಟುಕೊಂಡಿರುವವರ ಪರವಾಗಿ ಅಷ್ಟು ಜೋರಾಗಿ ಮಾತಾಡುವವರು ಇಲ್ಲ.

ಭಾರತದ ಸುತ್ತ ಚೀನಾ, ಪಾಕಿಸ್ತಾನ ಇಲ್ಲವೇ ಅಂತಲೂ ಕೇಳಿದ್ದೀರಿ. ಇದೆ, ಅದಕ್ಕೇ ಇಲ್ಲಿನ ವಾದವನ್ನು ಹಾಗೇ ಅಲ್ಲಿಗೆ ಹಚ್ಚಬೇಡಿ. ಅಮೆರಿಕದ ನೆರೆಯವರು ಕೆನಡಾ ಮತ್ತು ಮೆಕ್ಸಿಕೊ, ಎರಡು ಬದಿಗೆ ಸಮುದ್ರ.

ನನ್ನನ್ನು ಕೇಳಿದರೆ, ಸೈನಿಕರ ಸಂಬಳ ಮುಟ್ಟಬೇಡಿ, ಆಡಿಟ್ ಪಾಸಾಗುವವರೆಗೆ ಹೊಸ ಹಣ ಮಾತ್ರ ಕೊಡಬೇಡಿ. ಕಾನೂನಿನ ಪ್ರಕಾರ ಪೆಂಟಗನ್ ಆಡಿಟ್ ಪಾಸಾಗಲು 2028ರ ಕೊನೆಯವರೆಗೆ ಸಮಯ ಇದೆ. ಮೆಡಿಕೇಡ್‌ನವರ 80 ಗಂಟೆಯ ಲೆಕ್ಕ 2027ರ ಜನವರಿಗೇ ಶುರು.