‘ಟಾಮಿ’: 1969ರ ಆಲ್ಬಮ್ಮೋ, 1975ರ ಸಿನಿಮಾದ ಹಾಡುಗಳೋ?

ದಿ ಹೂ ಬ್ಯಾಂಡಿನ ರಾಕ್ ಆಪೆರಾ (ರಾಕ್ ಹಾಡುಗಳಲ್ಲೇ ಒಂದು ಕಥೆ ಹೇಳುವ ಕೃತಿ) ‘ಟಾಮಿ’ಯನ್ನು ಮೊದಲ ಸಲ ಕೇಳುವವರು ಯಾವುದರಿಂದ ಶುರು ಮಾಡಬೇಕು ಅಂತ ಕೇಳಿದ್ದೀರಿ. ನನ್ನ ಓಟು ಆಲ್ಬಮ್‌ಗೆ. ಅಲ್ಲಿರುವುದು ಬ್ಯಾಂಡಿನ ನಾಲ್ಕೇ ಜನ. ‘ಪಿನ್‌ಬಾಲ್ ವಿಝರ್ಡ್’ ಹಾಡು ಶುರುವಾಗುವುದೇ ಬ್ಯಾಂಡಿನ ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ರಭಸದಿಂದ ಮೀಟುವ ಅಕೂಸ್ಟಿಕ್ ಗಿಟಾರಿನಿಂದ. ಕೆನ್ ರಸೆಲ್ ನಿರ್ದೇಶಿಸಿದ ಸಿನಿಮಾದಲ್ಲಿ ಅದೇ ಹಾಡು ಗಾಯಕ ಎಲ್ಟನ್ ಜಾನ್ ಪಾಲಾಗಿದೆ, ಪಿಯಾನೊ ಮುಂದೆ ಬಂದಿದೆ. ಉಳಿದ ಕಡೆ ಸಿಂಥಸೈಸರ್ ಎಂಬ ಎಲೆಕ್ಟ್ರಾನಿಕ್ ವಾದ್ಯದ ನಾದ ದಟ್ಟವಾಗಿ ಕವಿದಿದೆ, ಕೆಲವೊಮ್ಮೆ ಉಸಿರುಗಟ್ಟುವಷ್ಟು. ನಟ ಆಲಿವರ್ ರೀಡ್ ಹಾಡುವುದನ್ನಂತೂ ಸಹಿಸಿಕೊಳ್ಳಬೇಕು! ಆದರೆ ಟೀನಾ ಟರ್ನರ್ ಹಾಡಿದ ‘ಆಸಿಡ್ ಕ್ವೀನ್’ ಮೂಲವನ್ನೇ ಮೀರಿಸುತ್ತದೆ.

ಕಥೆಯೂ ಬದಲಾಗಿದೆ: ಆಲ್ಬಮ್‌ನಲ್ಲಿ ಟಾಮಿ ಎಂಬ ಹುಡುಗನ ಅಪ್ಪ ಯುದ್ಧದಿಂದ ಮರಳಿ, ತಾಯಿಯ ಪ್ರಿಯಕರನನ್ನು ಕೊಲ್ಲುತ್ತಾನೆ, ಸಿನಿಮಾದಲ್ಲಿ ಸಾಯುವವನು ಅಪ್ಪನೇ. ಮೊದಲ ಮಹಾಯುದ್ಧದ ಜಾಗಕ್ಕೆ ಎರಡನೆಯದು ಬಂದದ್ದರಿಂದ ‘1921’ ಹಾಡು ‘1951’ ಆಗಿದೆ.