ಚುಚ್ಚಿದ ಜಾಗಕ್ಕೇ ಚುಚ್ಚಬೇಕೆ?

ಪ್ರಶ್ನೆ: ತಂದೆಯವರಿಗೆ 58 ವರ್ಷ. ಎಡ ಮುಂಗೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲೆಂದು ಎರಡು ರಕ್ತನಾಳಗಳನ್ನು ಸೇರಿಸಿ ಮಾಡುವ ಜೋಡಣೆ) ಮಾಡಿಸಿ ಮೂರು ತಿಂಗಳಾಯಿತು. ಈಚೆಗೆ ಡಯಾಲಿಸಿಸ್ ವೇಳೆ ಸೂಜಿ ರಕ್ತನಾಳ ದಾಟಿ ಕೈ ಊದಿಕೊಂಡು ನೀಲಿಗಟ್ಟಿತು. ಅಂದಿನಿಂದ ಒಬ್ಬರೇ ಟೆಕ್ನಿಷಿಯನ್ ಬೇಕು, ನೋವಾಗದ ಎರಡೇ ಜಾಗಕ್ಕೆ ಚುಚ್ಚಬೇಕು ಎಂದು ಹಟ ಹಿಡಿದಿದ್ದಾರೆ. ಕತ್ತಿನ ಕ್ಯಾತಿಟರೇ (ಡಯಾಲಿಸಿಸ್‌ಗೆಂದು ರಕ್ತನಾಳದೊಳಗೆ ಇಡುವ ಕೊಳವೆ) ವಾಸಿ ಎನ್ನುತ್ತಾರೆ. ಏನು ಮಾಡಲಿ?
– ಹೆಸರು, ಊರು ಬೇಡ

ಉತ್ತರ: ಒಬ್ಬರೇ ಬೇಕೆನ್ನುವುದು ಹಟವಲ್ಲ. ಹೊಸ ಫಿಸ್ಟುಲಾಗೆ ಕೈ ಪಳಗಿದವರೇ ಸೂಜಿ ಹಾಕಬೇಕು. ನಾನು ಡಯಾಲಿಸಿಸ್ ವಾರ್ಡಿನ ಹಿರಿಯ ನರ್ಸ್ ಆಗಿದ್ದಾಗ ಕಲಿಯುವವರನ್ನು ಅಂಥ ಕೈಯ ಹತ್ತಿರ ಬಿಡುತ್ತಿರಲಿಲ್ಲ. ಸಂಕೋಚಪಡದೆ ಕೇಳಿ.

ಆದರೆ ಆ ಎರಡೇ ಜಾಗ ಎಂಬುದಕ್ಕೆ ನನ್ನ ಒಪ್ಪಿಗೆಯಿಲ್ಲ. ಪದೇ ಪದೇ ಚುಚ್ಚಿಸಿಕೊಂಡ ಚರ್ಮಕ್ಕೆ ನೋವು ಕಡಿಮೆ, ನಿಜ. ಒಳಗೆ ಮಾತ್ರ ರಕ್ತನಾಳದ ಗೋಡೆ ಸಡಿಲಗೊಂಡು ಉಬ್ಬುತ್ತದೆ, ಅದರ ಪಕ್ಕದಲ್ಲೇ ನಾಳ ಕಿರಿದಾಗುತ್ತದೆ. ಹಳೆಯ ರೋಗಿಗಳ ತೋಳಿನಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟುಗಳನ್ನು ನೀವೂ ನೋಡಿರುತ್ತೀರಿ. ಪ್ರತಿ ಸಲ ಹಿಂದಿನ ಗಾಯದಿಂದ ಅರ್ಧ ಇಂಚಾದರೂ ಸರಿದು, ನಾಳದುದ್ದಕ್ಕೂ ಜಾಗ ಬದಲಿಸುತ್ತಾ ಹೋಗಬೇಕು. ನೋವಿಗೆ ಮರಗಟ್ಟಿಸುವ ಮುಲಾಮು ಇದೆ. ವೈದ್ಯರನ್ನು ಕೇಳಿ ಬರೆಸಿಕೊಂಡು, ಒಂದು ಗಂಟೆ ಮೊದಲೇ ಹಚ್ಚಿ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಸೂಜಿಗೆ ಮುಂಚೆ ಸೋಪಿನಿಂದ ತೊಳೆಯಿರಿ.

ಕೈ ಊದಿದ್ದು ಸೂಜಿ ಹಿಂಬದಿಯ ಗೋಡೆಯನ್ನೂ ದಾಟಿದ್ದರಿಂದ. ಹೊಸ ನಾಳ ಇನ್ನೂ ಮೆತ್ತಗಿರುತ್ತದೆ. ಮತ್ತೆ ಹಾಗಾದರೆ ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಐಸ್, ಮರುದಿನದಿಂದ ಬೆಚ್ಚನೆಯ ಶಾಖ. ಊತ ಇಳಿಯುವವರೆಗೆ ಅಲ್ಲಿ ಸೂಜಿ ಬೇಡ. ಆಮೇಲೂ 17 ಗೇಜಿನಿಂದಲೇ ಶುರುವಾಗಲಿ (ಅಂಕಿ ದೊಡ್ಡದಾದಷ್ಟೂ ಸೂಜಿ ಸಣ್ಣದು), 15ಕ್ಕೆ ಏರುವ ಅವಸರ ಬೇಡ. ಒಬ್ಬರಿಗೆ ಎರಡು ಸಲ ಆಗದಿದ್ದರೆ ಇನ್ನೊಬ್ಬರನ್ನು ಕರೆಯಲಿ. ಒಳಗೆ ಹೋದ ಸೂಜಿಯನ್ನು ಅತ್ತಿತ್ತ ತಿರುಗಿಸಿ ನಾಳ ಹುಡುಕುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ.

ಇಷ್ಟಾದರೂ ಸೂಜಿ ಕೈಕೊಡುತ್ತಿದ್ದರೆ ಟೆಕ್ನಿಷಿಯನ್ನರನ್ನು ಬೈಯುವುದು ಬಿಟ್ಟು ಫಿಸ್ಟುಲಾವನ್ನೇ ನೋಡಬೇಕು. ಬೆಳಿಗ್ಗೆ, ರಾತ್ರಿ ಅದರ ಮೇಲೆ ಬೆರಳಿಡಿ. ಜುಮುಜುಮು ಕಂಪನವಿರಬೇಕು. ಅದು ಹೋಗಿ ನಾಡಿಯಂತೆ ಗಟ್ಟಿಯಾಗಿ ಬಡಿಯುತ್ತಿದ್ದರೆ, ಕೈ ಮೇಲೆತ್ತಿದಾಗಲೂ ನಾಳ ಕುಗ್ಗದಿದ್ದರೆ, ಮುಂದೆಲ್ಲೋ ಕಿರಿದಾಗಿರುವ ಸಂಶಯ. ಆಗ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ. ನಾಳ ಸುಮಾರು 6 ಮಿ.ಮೀ. ಅಗಲವಿದ್ದು, ಚರ್ಮದಿಂದ 6 ಮಿ.ಮೀ.ಗಿಂತ ಆಳಕ್ಕಿಳಿಯದೆ, ನಿಮಿಷಕ್ಕೆ 600 ಮಿ.ಲೀ. ರಕ್ತ ಹರಿಯುತ್ತಿದ್ದರೆ ಸಾಮಾನ್ಯವಾಗಿ ಸೂಜಿಗೆ ಒಗ್ಗುತ್ತದೆ. ಆಳದಲ್ಲಿದ್ದರೆ ಶಸ್ತ್ರಚಿಕಿತ್ಸೆಯಿಂದ ಮೇಲಕ್ಕೆ ತರಬಹುದು, ಕಿರಿದಾಗಿದ್ದರೆ ಬಲೂನ್ ಹಾಕಿ ಹಿಗ್ಗಿಸಬಹುದು.

ಕ್ಯಾತಿಟರ್ ಇನ್ನೂ ತೆಗೆದಿಲ್ಲವಾದರೆ, ಎರಡೂ ಸೂಜಿಗಳಲ್ಲಿ (ರಕ್ತ ಹೊರತೆಗೆಯಲು ಒಂದು, ಮರಳಿಸಲು ಒಂದು) ಡಯಾಲಿಸಿಸ್ ಸರಾಗವಾಗುವವರೆಗೆ ಇರಲಿ. ಅದನ್ನೇ ಕಾಯಂ ಮಾಡಿಕೊಳ್ಳುವುದು ಬೇಡ, ಅಲ್ಲಿಂದ ಸೋಂಕು ನೇರವಾಗಿ ರಕ್ತಕ್ಕೇ ಸೇರುತ್ತದೆ. ಚಳಿಜ್ವರ ಬಂದರೆ, ಇಲ್ಲವೇ ಫಿಸ್ಟುಲಾದ ಕಂಪನ ಪೂರ್ತಿ ನಿಂತರೆ, ಮುಂದಿನ ಡಯಾಲಿಸಿಸ್ ದಿನಕ್ಕೆ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.