ಕೆಲಸ ಹೋದಮೇಲೆ ಪಾರ್ಟ್‌ಟೈಮ್: 550 ಯೂರೊದಲ್ಲಿ ಕೈಗೆಷ್ಟು?

ಸುಮಾ (ಹೆಸರು, ವಿವರ ಬದಲಿಸಿದೆ) ಜರ್ಮನಿಯಲ್ಲಿ ಸಾಫ್ಟ್‌ವೇರ್ ಟೆಸ್ಟರ್. 2025ರಲ್ಲಿ ಕೆಲಸ ಹೋಯಿತು. ಶಾಶ್ವತ ವಾಸದ ಪರವಾನಗಿ ಇತ್ತು, ಹಾಗಾಗಿ ವೀಸಾದ ತಲೆನೋವಿಲ್ಲ. ನಿರುದ್ಯೋಗ ವಿಮೆಯ ಹಣ, ಅಂದರೆ ಎಎಲ್‌ಜಿ 1, ಬರುತ್ತಿತ್ತು. ಮಕ್ಕಳಿಲ್ಲದವರಿಗೆ ಅದು ಹಿಂದಿನ ಕೈಸಂಬಳದ ಸುಮಾರು ಶೇ. 60.

“ಸುಮ್ನೆ ಕೂತು ತಲೆ ಕೆಟ್ಟಿದೆ ಮೇಡಂ. ಊರಲ್ಲಿ ಅಪ್ಪ ಅಮ್ಮನಿಗೂ ಹೇಳಿಲ್ಲ” ಅಂದರು. ಪರಿಚಯದ ಇಂಡಿಯನ್ ಹೋಟೆಲಿನಲ್ಲಿ ವಾರಕ್ಕೆ 10 ಗಂಟೆ ಕೆಲಸ, ತಿಂಗಳಿಗೆ 550 ಯೂರೊ ಕ್ಯಾಶ್. ಎಎಲ್‌ಜಿ ಕೊಡುವ ಉದ್ಯೋಗ ಕಚೇರಿಗೆ ಹೇಳದಿದ್ದರೆ ನಡೆಯುತ್ತದಾ ಅಂತ ಪ್ರಶ್ನೆ.

ಬೇಡವೇ ಬೇಡ ಅಂದೆ. ಲೆಕ್ಕಕ್ಕೆ ಬಾರದ ಕ್ಯಾಶ್ ಅಲ್ಲಿ ಕಾನೂನುಬಾಹಿರ. ಸಿಕ್ಕಿಬಿದ್ದರೆ ಹಣ ವಾಪಸ್ ಕಟ್ಟಬೇಕು, ದಂಡವೂ ಬೀಳಬಹುದು. ಕೆಲಸ ಶುರುಮಾಡುವ ಮೊದಲೇ ಉದ್ಯೋಗ ಕಚೇರಿಗೆ ತಿಳಿಸಬೇಕು.

ಆಮೇಲೆ ಲೆಕ್ಕಕ್ಕೆ ಕೂತೆವು. ತೆರಿಗೆ, ಕಡಿತ, ಓಡಾಟದ ಖರ್ಚು ಕಳೆದು ತಿಂಗಳಿಗೆ 165 ಯೂರೊವರೆಗಿನ ಗಳಿಕೆಗೆ ಎಎಲ್‌ಜಿ ಕಡಿಮೆಯಾಗುವುದಿಲ್ಲ. ಅದರ ಮೇಲಿನದೆಲ್ಲ ಕಡಿತ. ಖರ್ಚೇನೂ ಇಲ್ಲ ಅಂತಿಟ್ಟುಕೊಂಡರೆ 550ರಲ್ಲಿ 385 ಹೋಯಿತು.

“ಅಂದ್ರೆ 43 ಗಂಟೆ ದುಡಿದು 165ನಾ?” ಸುಮಾ ಸಿಟ್ಟಾದರು. ಗಂಟೆಗೆ 4 ಯೂರೊ ಕೂಡ ಬೀಳಲ್ಲ. ಸಿಟ್ಟು ನ್ಯಾಯವೇ. ದುಡಿಯುವ ಉತ್ಸಾಹ ಇರುವವರಿಗೆ ಈ ನಿಯಮ ತಣ್ಣೀರೆರಚುತ್ತದೆ ಅಂತ ನನಗೂ ಅನ್ನಿಸುತ್ತದೆ.

ದುಡ್ಡಿಗಿಂತ ಜಾಸ್ತಿ ಹುಷಾರಾಗಿರಬೇಕಾದ್ದು ಗಂಟೆಗಳ ವಿಷಯದಲ್ಲಿ. ವಾರಕ್ಕೆ 15 ಗಂಟೆ ಮುಟ್ಟಿದರೆ ಕಾನೂನಿನ ಕಣ್ಣಲ್ಲಿ ನೀವು ನಿರುದ್ಯೋಗಿಯೇ ಅಲ್ಲ. ಎಎಲ್‌ಜಿ ಪೂರ್ತಿ ನಿಲ್ಲುತ್ತದೆ. ಸುಮಾಗೆ ಮಕ್ಕಳಿಗೆ ಟ್ಯೂಷನ್ ಹೇಳುವ ಯೋಚನೆಯೂ ಇತ್ತು. ಆ ಗಂಟೆಗಳೂ ಇದೇ ಲೆಕ್ಕಕ್ಕೆ ಸೇರುತ್ತವೆ ಅಂತ ಎಚ್ಚರಿಸಿದೆ. ಹೋಟೆಲಿನವರು “ಇವತ್ತೊಂದಿನ ಇರಮ್ಮ” ಅಂತ ಪದೇಪದೇ ನಿಲ್ಲಿಸಿಕೊಂಡರೂ ಅಪಾಯವೇ.

ನನ್ನ ಸಲಹೆ: ಮನೆಯಿಂದ ಹೊರಬೀಳುವುದೇ ಮುಖ್ಯವಾದರೆ ಶನಿವಾರ 3 ಗಂಟೆ ಸಾಕು. ಆ ವರ್ಷದ ಕನಿಷ್ಠ ಕೂಲಿ ಗಂಟೆಗೆ 12.82 ಯೂರೊ. ನಾಲ್ಕು ಶನಿವಾರಕ್ಕೆ ಸುಮಾರು 154 ಬರುತ್ತದೆ, ಎಎಲ್‌ಜಿ ಹಾಗೇ ಉಳಿಯುತ್ತದೆ. ಮಿಕ್ಕ ಹೊತ್ತು ಇಂಟರ್‌ವ್ಯೂ ತಯಾರಿಗೆ.

ಅಪ್ಪ ಅಮ್ಮನಿಗೆ ಹೇಳಿ ಅಂತ ಒತ್ತಾಯಿಸಲಿಲ್ಲ. ಅಕ್ಕನಿಗೆ ಮೊದಲು ಹೇಳ್ತೀನಿ ಅಂದರು.

ಹೋಟೆಲಿನವರು ಕ್ಯಾಶ್ ಬಿಟ್ಟು ಬೇರೆ ಮಾತಿಗೆ ಒಪ್ಪಲಿಲ್ಲ. ಸುಮಾ ಒಂದು ಬೇಕರಿಯಲ್ಲಿ ಕರಾರು ಬರೆಸಿಕೊಂಡು ಶನಿವಾರದ ಕೆಲಸ ಹಿಡಿದರು, ಕಚೇರಿಗೂ ತಿಳಿಸಿದರು. ಓಡಾಟದ ಖರ್ಚು ಕಳೆಯಲು ಬೇಕಾಗುತ್ತದೆ, ಬಸ್ ಟಿಕೆಟ್‌ಗಳನ್ನು ಎತ್ತಿಡಿ ಅಂದಿದ್ದೇನೆ.